ಸರ್ಕಾರಿ ಕಾಲೇಜಿನ ಪ್ರಾಧ್ಯಾಪಕರು ಲೋಕಸಭೆಗೆ ನಿಲ್ಲುವುದಾದರೆ: ರಜೆ ಸಾಲದು, ಬಿಡುಗಡೆ ಆದೇಶ ಕೈಯಲ್ಲಿರಬೇಕು

ಪ್ರಶ್ನೆ: ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಸಹ ಪ್ರಾಧ್ಯಾಪಕ. 2004ರಲ್ಲಿ ಸೇವೆಗೆ ಸೇರಿದೆ, ಈಗ ವಯಸ್ಸು 49. ಮುಂದಿನ ಲೋಕಸಭಾ ಚುನಾವಣೆಗೆ ಮಂಡ್ಯದಿಂದ ನಿಲ್ಲುವ ಆಲೋಚನೆಯಿದೆ. ನನ್ನ ಮತ ಇರುವುದು ಮೈಸೂರಿನಲ್ಲಿ. ಮೂರು ತಿಂಗಳು ಸಂಬಳರಹಿತ ರಜೆ ಹಾಕಿ ನಿಂತರೆ ಸಾಕು, ದೆಹಲಿಯ ಪ್ರಾಧ್ಯಾಪಕರು ಹಾಗೇ ಮಾಡುತ್ತಾರೆ ಎಂದು ಸ್ನೇಹಿತರು ಹೇಳುತ್ತಾರೆ. ಇದು ನಿಜವೇ? ಏಳು ವರ್ಷ ಸರ್ಕಾರಿ ವಸತಿಗೃಹದಲ್ಲಿದ್ದೆ. ಪತ್ನಿಯೂ ಸರ್ಕಾರಿ ಪಿಯು ಉಪನ್ಯಾಸಕಿ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಸ್ನೇಹಿತರ ಮಾತು ನಂಬಿ ರಜೆ ಚೀಟಿ ಬರೆದು ನಾಮಪತ್ರ ಹಾಕಿದರೆ, ಪರಿಶೀಲನೆಯ ದಿನವೇ ಅದು ತಿರಸ್ಕೃತವಾಗುವ ಸಂಭವ ಹೆಚ್ಚು. ಸಂವಿಧಾನದ 102(1)(ಎ) ವಿಧಿಯ ಪ್ರಕಾರ ಕೇಂದ್ರ ಅಥವಾ ರಾಜ್ಯ ಸರ್ಕಾರದ ಅಧೀನದಲ್ಲಿ ಲಾಭದಾಯಕ ಹುದ್ದೆಯಲ್ಲಿರುವವರು ಸಂಸತ್ತಿಗೆ ಅನರ್ಹರು. ಸರ್ಕಾರಿ ಕಾಲೇಜಿನ ಹುದ್ದೆ ಈ ವಿಧಿಯೊಳಗೆ ನೇರವಾಗಿ ಬರುತ್ತದೆ: ನೇಮಕ ಸರ್ಕಾರದ್ದು, ಸಂಬಳ ಖಜಾನೆಯದ್ದು, ತೆಗೆಯುವ ಅಧಿಕಾರವೂ ಸರ್ಕಾರದ್ದೇ. ರಜೆಯಲ್ಲಿದ್ದಾಗ ಸಂಬಳ ನಿಲ್ಲುತ್ತದೆ, ಹುದ್ದೆ ಹೋಗುವುದಿಲ್ಲ. ಅಸಾಧಾರಣ ರಜೆಯಾದರೂ ಅಷ್ಟೇ, ಅಮಾನತಿನಲ್ಲಿದ್ದರೂ ಅಷ್ಟೇ. ಇದಕ್ಕಿಂತ ಮೊದಲೇ ಇನ್ನೊಂದು ತಡೆಯಿದೆ. ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳು ಸೇವೆಯಲ್ಲಿರುವವರಿಗೆ ಚುನಾವಣೆಗೆ ನಿಲ್ಲಲು, ಪ್ರಚಾರ ಮಾಡಲು, ರಾಜಕೀಯ ಪಕ್ಷದ ಸದಸ್ಯರಾಗಲು ಅವಕಾಶ ಕೊಡುವುದಿಲ್ಲ.

ಒಂದು ವೇಳೆ ಚುನಾವಣಾಧಿಕಾರಿ ಗಮನಿಸದೆ ನಾಮಪತ್ರ ಅಂಗೀಕರಿಸಿ, ನೀವು ಗೆದ್ದೂ ಬಿಟ್ಟಿರಿ ಎನ್ನಿ. ಆಗಲೂ ನೆಮ್ಮದಿಯಿಲ್ಲ. ಫಲಿತಾಂಶದ ದಿನದಿಂದ 45 ದಿನಗಳೊಳಗೆ ಕ್ಷೇತ್ರದ ಯಾವ ಮತದಾರ ಬೇಕಾದರೂ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಪರಿಶೀಲನೆಯ ದಿನ ನೀವು ಹುದ್ದೆಯಲ್ಲಿದ್ದಿರಿ ಎಂದು ಸಾಬೀತಾದರೆ ಆಯ್ಕೆಯೇ ಅಸಿಂಧು.

ಹಾಗಾದರೆ ದೆಹಲಿಯವರ ಕಥೆಯೇನು? ಅದೂ ಸುಳ್ಳಲ್ಲ. ವಿಶ್ವವಿದ್ಯಾಲಯ ಎನ್ನುವುದು ಸರ್ಕಾರವಲ್ಲ, ಕಾಯ್ದೆಯಿಂದ ಹುಟ್ಟಿದ ಪ್ರತ್ಯೇಕ ಸಂಸ್ಥೆ. ಅಲ್ಲಿನ ಪ್ರಾಧ್ಯಾಪಕರನ್ನು ನೇಮಿಸುವುದೂ ತೆಗೆಯುವುದೂ ವಿಶ್ವವಿದ್ಯಾಲಯವೇ. ಅನುದಾನ ಸರ್ಕಾರದಿಂದ ಬಂದ ಮಾತ್ರಕ್ಕೆ ಹುದ್ದೆ ‘ಸರ್ಕಾರದ ಅಧೀನ’ ಆಗುವುದಿಲ್ಲ. ಯಾರು ನೇಮಿಸುತ್ತಾರೆ, ಯಾರು ತೆಗೆಯಬಲ್ಲರು, ಸಂಬಳ ಯಾವ ನಿಧಿಯಿಂದ ಬರುತ್ತದೆ, ಕೆಲಸದ ಮೇಲೆ ಹಿಡಿತ ಯಾರದು ಎಂಬ ಪ್ರಶ್ನೆಗಳನ್ನು ಸುಪ್ರೀಂ ಕೋರ್ಟ್ 1950ರ ದಶಕದಿಂದಲೂ ಕೇಳುತ್ತ ಬಂದಿದೆ. ಅಜ್ಮೀರ್ ದರ್ಗಾದ ಶಾಲೆಯ ಮ್ಯಾನೇಜರರ ರಾಜ್ಯಸಭಾ ಆಯ್ಕೆ 1958ರಲ್ಲಿ ಉಳಿದದ್ದು ಅವರ ಸಂಬಳ ಸರ್ಕಾರದ ಬೊಕ್ಕಸದಿಂದ ಬರುತ್ತಿರಲಿಲ್ಲ ಎಂಬ ಕಾರಣವೂ ಸೇರಿ. ನಮ್ಮ ಭದ್ರಾವತಿಯ ಪ್ರಕರಣ ಇನ್ನೂ ಸ್ಪಷ್ಟ. ಮೈಸೂರು ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯ ನೌಕರರೊಬ್ಬರು ವಿಧಾನಸಭೆಗೆ ಗೆದ್ದಾಗ ತಕರಾರು ಎದ್ದಿತು. ಕಾರ್ಖಾನೆ ಇಲಾಖೆಯ ರೂಪ ಬಿಟ್ಟು ಕಂಪನಿಯಾಗಿದೆ, ಷೇರುಗಳೆಲ್ಲ ಸರ್ಕಾರದ್ದಾದರೂ ನೌಕರರು ಕಂಪನಿಯವರು ಎಂದು 1969ರಲ್ಲಿ ಸುಪ್ರೀಂ ಕೋರ್ಟ್ ಆಯ್ಕೆಯನ್ನು ಎತ್ತಿಹಿಡಿಯಿತು.

ಆದ್ದರಿಂದ ವಿಶ್ವವಿದ್ಯಾಲಯದ ಅಧ್ಯಾಪಕರಿಗೆ ಸಂವಿಧಾನ ಅಡ್ಡಿಯಾಗದಿರಬಹುದು. ಅಡ್ಡಿ ಬರುವುದು ಅವರವರ ಸಂಸ್ಥೆಯ ಸೇವಾ ನಿಯಮಗಳಿಂದ. ಕೆಲವು ಕಡೆ ಚುನಾವಣೆಗೆಂದೇ ರಜೆ ಇದೆ, ಕೆಲವು ಕಡೆ ರಾಜೀನಾಮೆ ಕಡ್ಡಾಯ. ಖಾಸಗಿ ಸಂಸ್ಥೆಗೂ ಇದೇ ಮಾತು. ಹಾರ್ವರ್ಡ್‌ನ ಇತಿಹಾಸ ಪ್ರಾಧ್ಯಾಪಕ ಸುಗತ ಬೋಸ್ 2014ರಲ್ಲಿ ಜಾದವಪುರದಿಂದ ಲೋಕಸಭೆಗೆ ಆರಿಸಿ ಬಂದರು. 2019ರಲ್ಲಿ ಮತ್ತೆ ನಿಲ್ಲಲಿಲ್ಲ, ಏಕೆಂದರೆ ಹಾರ್ವರ್ಡ್ ಅನುಮತಿ ಕೊಡಲಿಲ್ಲ. ಅನುದಾನಿತ ಕಾಲೇಜಿನವರು ನೇಮಕಾತಿ ಆದೇಶ ಮತ್ತು ಆಡಳಿತ ಮಂಡಳಿಯ ನಿಯಮಾವಳಿ ಎರಡನ್ನೂ ಚುನಾವಣಾ ಕಾನೂನು ಬಲ್ಲ ವಕೀಲರಿಗೆ ತೋರಿಸದೆ ಹೆಜ್ಜೆ ಇಡಬಾರದು. ಸರ್ಕಾರಿ ಕಾಲೇಜಿನ ನಿಮಗೆ ಮಾತ್ರ ಬೇರೆ ದಾರಿಯಿಲ್ಲ, ಸೇವೆಯಿಂದ ಹೊರಬರಲೇಬೇಕು.

ಹೇಗೆ ಹೊರಬರುತ್ತೀರಿ ಎಂಬುದು ನಿಮ್ಮ ಮನೆಯ ಮುಂದಿನ ಮೂವತ್ತು ವರ್ಷಗಳ ಪ್ರಶ್ನೆ. ಭಾವಾವೇಶದಲ್ಲಿ ರಾಜೀನಾಮೆ ಬರೆಯಬೇಡಿ. ರಾಜೀನಾಮೆ ಅಂಗೀಕಾರವಾದರೆ ಹಿಂದಿನ ಸೇವೆಯೆಲ್ಲ ಪಿಂಚಣಿಯ ಲೆಕ್ಕದಿಂದ ಅಳಿಸಿಹೋಗುತ್ತದೆ. ನೀವು 2006ರ ಏಪ್ರಿಲ್‌ಗೆ ಮೊದಲು ಸೇರಿದವರು, ಹಳೆಯ ಪಿಂಚಣಿ ವ್ಯವಸ್ಥೆಯವರು. ಎರಡು ದಶಕ ದುಡಿದು ಪಿಂಚಣಿ ಕಳೆದುಕೊಳ್ಳುವುದು ಸಣ್ಣ ನಷ್ಟವಲ್ಲ. ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ 285ನೇ ನಿಯಮದಡಿ ಮೂರು ತಿಂಗಳ ನೋಟಿಸ್ ಕೊಟ್ಟು ಸ್ವಯಂ ನಿವೃತ್ತಿ ಪಡೆಯಿರಿ. ನಿಮ್ಮ ಸೇವಾವಧಿ ಅದಕ್ಕೆ ಧಾರಾಳವಾಗಿ ಸಾಲುತ್ತದೆ. ಇಲಾಖಾ ವಿಚಾರಣೆ, ಆಡಿಟ್ ಆಕ್ಷೇಪಣೆ, ಪರೀಕ್ಷಾ ಕೆಲಸದ ಮುಂಗಡದ ಲೆಕ್ಕ ಏನಾದರೂ ಬಾಕಿಯಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ನೋಟಿಸ್ ಕೊಡುವ ಮೊದಲೇ ಅವನ್ನು ಮುಗಿಸಿ.

ಈಗ ದಿನಾಂಕಗಳ ಲೆಕ್ಕ ಹಾಕೋಣ. 2024ರ ಚುನಾವಣೆಯನ್ನು ಆಯೋಗ ಘೋಷಿಸಿದ್ದು ಮಾರ್ಚ್ 16ರಂದು. ಮಂಡ್ಯ ಸೇರಿದ್ದ ಹಂತಕ್ಕೆ ಅಧಿಸೂಚನೆ ಮಾರ್ಚ್ 28, ನಾಮಪತ್ರಕ್ಕೆ ಕೊನೆಯ ದಿನ ಏಪ್ರಿಲ್ 4, ಪರಿಶೀಲನೆ 5, ವಾಪಸಾತಿ 8, ಮತದಾನ 26. ಘೋಷಣೆ ಕೇಳಿದ ಮೇಲೆ ಮೂರು ತಿಂಗಳ ನೋಟಿಸ್ ಕೊಡಲು ಹೊರಟರೆ ಮತದಾನವೇ ಮುಗಿದಿರುತ್ತದೆ. ಚುನಾವಣೆಯ ಹಿಂದಿನ ವರ್ಷದ ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ನೋಟಿಸ್ ಕೊಟ್ಟರೆ ಡಿಸೆಂಬರ್, ಜನವರಿಯ ಹೊತ್ತಿಗೆ ಆದೇಶ ಕೈಸೇರುತ್ತದೆ. ನಿಮ್ಮ ಕೈಯಲ್ಲಿ ಇರಬೇಕಾದವು ಮೂರು ಕಾಗದ: ನಿವೃತ್ತಿ ಆದೇಶದ ಪ್ರತಿ, ಪ್ರಾಂಶುಪಾಲರು ಕೊಟ್ಟ ಬಿಡುಗಡೆ ಪತ್ರ, ಪ್ರಭಾರ ಹಸ್ತಾಂತರಿಸಿದ ದಾಖಲೆ. ಅರ್ಜಿ ಕೊಟ್ಟ ಸ್ವೀಕೃತಿ ಇವಕ್ಕೆ ಬದಲಿಯಲ್ಲ. ಮಧ್ಯಪ್ರದೇಶದ ಡೆಪ್ಯುಟಿ ಕಲೆಕ್ಟರ್ ನಿಶಾ ಬಾಂಗ್ರೆ 2023ರ ವಿಧಾನಸಭಾ ಚುನಾವಣೆಗೆ ನಿಲ್ಲಲು ತಿಂಗಳುಗಳ ಮೊದಲೇ ರಾಜೀನಾಮೆ ಕೊಟ್ಟಿದ್ದರು. ಅದು ಅಂಗೀಕಾರವಾಗುವ ಹೊತ್ತಿಗೆ ಪಕ್ಷ ಆ ಕ್ಷೇತ್ರಕ್ಕೆ ಬೇರೆಯವರ ಹೆಸರು ಪ್ರಕಟಿಸಿಯಾಗಿತ್ತು. ಇದಕ್ಕೆ ಎದುರಾಗಿ, ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ 2024ರ ಜನವರಿ ಕೊನೆಗೆ ನಿವೃತ್ತರಾಗಿ, ಮಾರ್ಚ್‌ನಲ್ಲಿ ಟಿಕೆಟ್ ಪಡೆದು, ಬೆಂಗಳೂರು ಗ್ರಾಮಾಂತರದಿಂದ ಗೆದ್ದರು. ಹುದ್ದೆಯ ವಿಚಾರದಲ್ಲಿ ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ.

ವಸತಿಗೃಹದ ವಿಷಯ ನೀವು ಬರೆದದ್ದು ಒಳ್ಳೆಯದಾಯಿತು. ಅನೇಕರಿಗೆ ಇದು ನೆನಪಾಗುವುದೇ ಕೊನೆಯ ದಿನ. ಅಧಿಸೂಚನೆಗೆ ಹಿಂದಿನ ಹತ್ತು ವರ್ಷಗಳಲ್ಲಿ ಯಾವಾಗಲಾದರೂ ಸರ್ಕಾರಿ ವಸತಿಯಲ್ಲಿದ್ದರೆ ಬಾಡಿಗೆ, ವಿದ್ಯುತ್, ನೀರು, ದೂರವಾಣಿ ನಾಲ್ಕಕ್ಕೂ ಬಾಕಿ ಇಲ್ಲವೆಂಬ ಪ್ರಮಾಣಪತ್ರವನ್ನು ಆಯಾ ಸಂಸ್ಥೆಯಿಂದ ತಂದು ಅಫಿಡವಿಟ್ ಜೊತೆ ಲಗತ್ತಿಸಬೇಕು. ಅದರಲ್ಲಿ ನಮೂದಾಗುವ ದಿನಾಂಕಕ್ಕೂ ನಿಯಮವಿದೆ: ಅಧಿಸೂಚನೆ ಹೊರಡುವ ತಿಂಗಳಿಗೆ ಮೂರು ತಿಂಗಳ ಹಿಂದಿನ ತಿಂಗಳ ಕೊನೆಯ ದಿನ ಅಥವಾ ಅದರ ನಂತರದ್ದಾಗಿರಬೇಕು. ಮಾರ್ಚ್‌ನಲ್ಲಿ ಅಧಿಸೂಚನೆ ಬಂದರೆ ಡಿಸೆಂಬರ್ 31 ಅಥವಾ ಆಮೇಲಿನದು. ಹಳೆಯ ಪ್ರಮಾಣಪತ್ರ ನಡೆಯುವುದಿಲ್ಲ. ಪಶ್ಚಿಮ ಬಂಗಾಳದ ಬೀರ್‌ಭೂಮ್‌ನಲ್ಲಿ 2024ರಲ್ಲಿ ಬಿಜೆಪಿಯ ಅಭ್ಯರ್ಥಿ, ಮಾಜಿ ಐಪಿಎಸ್ ಅಧಿಕಾರಿ ದೇಬಾಶಿಸ್ ಧರ್ ಅವರ ನಾಮಪತ್ರ ಬಿದ್ದುಹೋದದ್ದು ಇದೊಂದೇ ಕಾಗದ ಇಲ್ಲದ್ದಕ್ಕೆ. ಪಕ್ಷ ಬದಲಿ ಅಭ್ಯರ್ಥಿಯನ್ನು ಸಿದ್ಧವಾಗಿಟ್ಟಿದ್ದರಿಂದ ಕಣದಲ್ಲಿ ಉಳಿಯಿತು.

ಮತ ಮೈಸೂರಿನಲ್ಲಿದ್ದು ಮಂಡ್ಯದಲ್ಲಿ ನಿಲ್ಲುವುದಕ್ಕೆ ಅಡ್ಡಿಯಿಲ್ಲ. ದೇಶದ ಯಾವುದಾದರೂ ಲೋಕಸಭಾ ಕ್ಷೇತ್ರದ ಮತದಾರರಾಗಿದ್ದರೆ ಸಾಕು. ಆದರೆ ನಿಮ್ಮ ಹೆಸರಿರುವ ಮತದಾರರ ಪಟ್ಟಿಯ ಪುಟದ ದೃಢೀಕೃತ ಪ್ರತಿಯನ್ನು ಅಲ್ಲಿನ ಮತದಾರರ ನೋಂದಣಾಧಿಕಾರಿಯಿಂದ ಪಡೆದು ನಾಮಪತ್ರದೊಂದಿಗೆ, ತಡವಾದರೆ ಪರಿಶೀಲನೆಯ ಹೊತ್ತಿಗಾದರೂ, ಕೊಡಬೇಕು. ನಿಮ್ಮ ಹೆಸರನ್ನು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಸೂಚಕರು ಮಾತ್ರ ಮಂಡ್ಯ ಕ್ಷೇತ್ರದ ಮತದಾರರೇ ಆಗಿರಬೇಕು. ಗಮನಿಸಿ, ಜಿಲ್ಲೆಯ ಗಡಿಯೂ ಕ್ಷೇತ್ರದ ಗಡಿಯೂ ಒಂದಲ್ಲ: ಈಗಿನ ವಿಂಗಡಣೆಯಲ್ಲಿ ಮೈಸೂರು ಜಿಲ್ಲೆಯ ಕೃಷ್ಣರಾಜನಗರ ಮಂಡ್ಯ ಲೋಕಸಭೆಗೆ ಸೇರಿದೆ. 2026ರ ನಂತರದ ಮೊದಲ ಜನಗಣತಿ ಮುಗಿದ ಮೇಲೆ ಕ್ಷೇತ್ರ ಮರುವಿಂಗಡಣೆ ಆಗಬೇಕಿರುವುದರಿಂದ ಈ ಗಡಿಗಳೇ ಬದಲಾಗಬಹುದು. ಸೂಚಕರ ಭಾಗ ಸಂಖ್ಯೆ, ಕ್ರಮ ಸಂಖ್ಯೆಗಳನ್ನು ಹಳೆಯ ಪಟ್ಟಿಯಿಂದ ಎತ್ತಿ ಬರೆಯಬೇಡಿ.

ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು. ಹತ್ತೇ ಜನರನ್ನು ಇಟ್ಟುಕೊಂಡು ಒಬ್ಬರ ಸಂಖ್ಯೆ ತಪ್ಪಿದರೆ ನಾಮಪತ್ರ ಬಿತ್ತು. ನಾಲ್ಕು ಸೆಟ್ ಸಲ್ಲಿಸಲು ಅವಕಾಶವಿದೆ; ಪ್ರತಿ ಸೆಟ್‌ಗೂ ಬೇರೆ ಬೇರೆ ಹತ್ತು ಸೂಚಕರಿಂದ ಸಹಿ ಹಾಕಿಸಿ. ಠೇವಣಿ 25,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 12,500. ಎಷ್ಟು ಸೆಟ್ ಹಾಕಿದರೂ ಠೇವಣಿ ಒಂದೇ. ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ಮಾತ್ರ ಸಲ್ಲಿಕೆ. ಕಚೇರಿಯೊಳಗೆ ನಿಮ್ಮನ್ನೂ ಸೇರಿಸಿ ಐದು ಜನ. ಪಕ್ಷದವರಾದರೆ ಎ ಮತ್ತು ಬಿ ಫಾರಂಗಳು ಪದಾಧಿಕಾರಿಯ ಶಾಯಿ ಸಹಿಯೊಂದಿಗೆ ಕೊನೆಯ ದಿನ 3 ಗಂಟೆಯೊಳಗೆ ತಲುಪಬೇಕು, ಜೆರಾಕ್ಸ್ ಸಹಿ ನಡೆಯದು. ಭಾವಚಿತ್ರ 2 ಸೆಂ.ಮೀ. ಅಗಲ, 2.5 ಸೆಂ.ಮೀ. ಎತ್ತರ, ಮೂರು ತಿಂಗಳೊಳಗೆ ತೆಗೆದದ್ದು. ನಾಮಪತ್ರ ಕೊಟ್ಟ ಮೇಲೆ ಪ್ರಮಾಣವಚನ ಸ್ವೀಕರಿಸಿ ಸಹಿ ಹಾಕಬೇಕು, ಅದೂ ಪರಿಶೀಲನೆಯ ದಿನಕ್ಕೆ ಮುಂಚೆ. ಮೆರವಣಿಗೆಯ ಗಡಿಬಿಡಿಯಲ್ಲಿ ಇದನ್ನು ಮರೆತು ಮನೆಗೆ ಹೋದರೆ ಅರ್ಹತೆಯೇ ಹೋಗುತ್ತದೆ.

ಅಧ್ಯಾಪಕರು ಎಡವುವ ಜಾಗ ನಮೂನೆ 26ರ ಅಫಿಡವಿಟ್. ಒಂದು ಕಾಲಂ ಕೂಡ ಖಾಲಿ ಬಿಡುವಂತಿಲ್ಲ, ಅಡ್ಡಗೆರೆ ಎಳೆಯುವಂತಿಲ್ಲ. ‘ಇಲ್ಲ’, ‘ಅನ್ವಯಿಸುವುದಿಲ್ಲ’ ಎಂದೇ ಬರೆಯಬೇಕು. ಖಾಲಿ ಬಿಟ್ಟ ಅಫಿಡವಿಟ್ ಆಧಾರದ ಮೇಲೆ ನಾಮಪತ್ರ ತಿರಸ್ಕರಿಸಬಹುದೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ನಿಮ್ಮ, ಪತ್ನಿಯ, ಅವಲಂಬಿತರ ಹಿಂದಿನ ಐದು ವರ್ಷಗಳ ಆದಾಯ ತೆರಿಗೆ ವಿವರ ಬೇಕು. ಸಂಬಳ ಎಲ್ಲರಿಗೂ ನೆನಪಿರುತ್ತದೆ. ಮೌಲ್ಯಮಾಪನದ ಸಂಭಾವನೆ, ಪುಸ್ತಕದ ಗೌರವಧನ, ಸಲಹಾ ಶುಲ್ಕ, ವಿದೇಶದಲ್ಲಿ ಫೆಲೋಶಿಪ್ ಮಾಡುವಾಗ ತೆರೆದು ಹಾಗೇ ಬಿಟ್ಟ ಬ್ಯಾಂಕ್ ಖಾತೆ ಇವು ಮರೆತುಹೋಗುತ್ತವೆ. ಸರ್ಕಾರದೊಂದಿಗಿನ ಗುತ್ತಿಗೆಗಳ ಕಾಲಂ ಕೂಡ ಇದೆ. ಕಾಲೇಜಿಗೆ ಬಂದ ಸಂಶೋಧನಾ ಅನುದಾನ ನಿಮ್ಮ ಗುತ್ತಿಗೆಯಲ್ಲ. ಆದರೆ ನಿಮ್ಮ ಅಥವಾ ಪತ್ನಿಯ ಹೆಸರಿನ ಸಂಸ್ಥೆಯೊಂದು ಇಲಾಖೆಗೆ ಸಮೀಕ್ಷೆ ಮಾಡಿಕೊಡುತ್ತಿದ್ದರೆ ಅದನ್ನು ನಮೂದಿಸಬೇಕು. ನಿಮ್ಮದೇ ಗುತ್ತಿಗೆ ಚಾಲ್ತಿಯಲ್ಲಿದ್ದರೆ ಅದು ಸರ್ಕಾರಿ ಗುತ್ತಿಗೆದಾರರನ್ನು ಅನರ್ಹಗೊಳಿಸುವ, ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 9ಎ ಕಲಮಿನೊಳಗೆ ಬರುತ್ತದೆಯೇ ಎಂದು ವಕೀಲರಲ್ಲಿ ಖಚಿತ ಮಾಡಿಕೊಳ್ಳಿ. ಪದವಿಗಳನ್ನು ವರ್ಷ, ಸಂಸ್ಥೆಯ ಸಹಿತ ಪ್ರಮಾಣಪತ್ರ ನೋಡಿಯೇ ಬರೆಯಿರಿ. ಸುಳ್ಳು ಮಾಹಿತಿಗೆ ಅದೇ ಕಾಯ್ದೆಯ 125ಎ ಕಲಮಿನಡಿ ಆರು ತಿಂಗಳವರೆಗೆ ಶಿಕ್ಷೆಯಿದೆ. ಹಳೆಯ ಹೋರಾಟವೊಂದರ ಎಫ್‌ಐಆರ್ ಬಾಕಿಯಿದ್ದರೆ ಮುಚ್ಚಿಡಬೇಡಿ. ಅದನ್ನು ಪತ್ರಿಕೆ ಮತ್ತು ಟಿವಿಯಲ್ಲಿ ಪ್ರಚಾರಾವಧಿಯಲ್ಲಿ ಮೂರು ಬಾರಿ ಪ್ರಕಟಿಸಬೇಕು.

ಪಕ್ಷವೋ ಪಕ್ಷೇತರವೋ ಎಂಬುದನ್ನು ನೀವು ನೇರವಾಗಿ ಕೇಳಿಲ್ಲ, ಆದರೂ ಹೇಳಲೇಬೇಕು. ವಿ.ಕೆ.ಆರ್.ವಿ. ರಾವ್ ಅವರಂಥ ಅರ್ಥಶಾಸ್ತ್ರಜ್ಞರು 1967 ಮತ್ತು 1971ರಲ್ಲಿ ಬಳ್ಳಾರಿಯಿಂದ ಗೆದ್ದದ್ದು, ಭೌತಶಾಸ್ತ್ರ ಕಲಿಸುತ್ತಿದ್ದ ಮಧು ದಂಡವತೆ 1971ರಿಂದ ರಾಜಾಪುರವನ್ನು ಮತ್ತೆ ಮತ್ತೆ ಪ್ರತಿನಿಧಿಸಿದ್ದು ಪಕ್ಷದ ಬಲ ಬೆನ್ನಿಗಿದ್ದಾಗ. ಪಕ್ಷವಿದ್ದರೂ ಗೆಲುವು ಖಾತ್ರಿಯಲ್ಲ: ಬೆಂಗಳೂರು ಐಐಎಂನಲ್ಲಿ ಕಲಿಸಿದ, ರಾಜ್ಯಸಭೆಯಲ್ಲಿ ಆರು ವರ್ಷ ಕೆಲಸ ಮಾಡಿದ ಎಂ.ವಿ. ರಾಜೀವ್ ಗೌಡ 2024ರಲ್ಲಿ ಬೆಂಗಳೂರು ಉತ್ತರದಲ್ಲಿ ಸೋತರು. ಪಕ್ಷೇತರರಾಗಿ ನಿಂತರೆ ಚಿಹ್ನೆ ಸಿಗುವುದು ವಾಪಸಾತಿ ಮುಗಿದ ಮೇಲೆ. 2024ರ ಲೆಕ್ಕದಲ್ಲಿ ಏಪ್ರಿಲ್ 8ರಿಂದ 24ರ ಸಂಜೆಯವರೆಗೆ, ಹದಿನೇಳು ದಿನ. ಅಷ್ಟರಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹೊಸ ಚಿಹ್ನೆ ಪರಿಚಯಿಸಬೇಕು. ಠೇವಣಿ ಉಳಿಯಲು ಸಿಂಧು ಮತಗಳ ಆರನೇ ಒಂದಕ್ಕಿಂತ ಹೆಚ್ಚು ಬರಬೇಕು. 14 ಲಕ್ಷ ಮತ ಬಿದ್ದರೆ 2,33,334. ಬಹುಪಾಲು ಪಕ್ಷೇತರರು ಇದನ್ನು ಮುಟ್ಟುವುದಿಲ್ಲ.

ನಿಮ್ಮ ಪಾಂಡಿತ್ಯಕ್ಕಿಂತ ನಿಮಗೆ ಮತಗಟ್ಟೆಯಲ್ಲಿ ಕೂರುವ ಜನ ಇದ್ದಾರೆಯೇ ಎಂಬುದು ಮುಖ್ಯ. ಲೋಕಸಭಾ ಕ್ಷೇತ್ರವೆಂದರೆ ಸರಿಸುಮಾರು ಎರಡು ಸಾವಿರ ಮತಗಟ್ಟೆ. ಏಜೆಂಟರು ಆದಷ್ಟೂ ಆ ಅಥವಾ ಪಕ್ಕದ ಮತಗಟ್ಟೆಯ, ಸಿಗದಿದ್ದರೆ ಅದೇ ವಿಧಾನಸಭಾ ಕ್ಷೇತ್ರದ ಮತದಾರರಾಗಿರಬೇಕು. ಮತದಾನ 7ಕ್ಕೆ ಶುರುವಾದರೆ ಅಣಕು ಮತದಾನ 5.30ಕ್ಕೆ, ಕನಿಷ್ಠ 50 ಮತ ಹಾಕಿ, ಎಣಿಸಿ, ಅಳಿಸಿದ್ದನ್ನು ನಿಮ್ಮ ಏಜೆಂಟ್ ಕಣ್ಣಾರೆ ನೋಡಬೇಕು. ಸಂಜೆ ಒಟ್ಟು ಮತಗಳ ಲೆಕ್ಕವಿರುವ 17ಸಿ ನಮೂನೆಯ ಪ್ರತಿ ಇಸಿದುಕೊಂಡೇ ಏಳಬೇಕು. ಎಣಿಕೆಯ ದಿನ ತಾಳೆ ನೋಡಲು ಅದೇ ಆಧಾರ. ಎಣಿಕೆಗೆ ಒಂದೊಂದು ವಿಧಾನಸಭಾ ಕ್ಷೇತ್ರಕ್ಕೆ ಸಾಮಾನ್ಯವಾಗಿ 14 ಮೇಜು, ಜೊತೆಗೆ ಅಧಿಕಾರಿಯ ಮೇಜು. ಎಂಟು ಕ್ಷೇತ್ರಕ್ಕೆ 120 ಜನ ಬೇಕು. ಈ ಹೆಸರುಗಳನ್ನು ಇವತ್ತೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಕುಳಿತರೆ ನಿಮ್ಮ ನಿಜವಾದ ಬಲ ಗೊತ್ತಾಗುತ್ತದೆ.

ಖರ್ಚಿನ ಮಿತಿ 2022ರ ಪರಿಷ್ಕರಣೆಯಂತೆ ಕರ್ನಾಟಕದಲ್ಲಿ ಲೋಕಸಭೆಗೆ 95 ಲಕ್ಷ. ಚುನಾವಣೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆಯನ್ನು ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲು ತೆರೆಯಬೇಕು. ಇಡೀ ಚುನಾವಣೆಯಲ್ಲಿ ಒಬ್ಬ ವ್ಯಕ್ತಿಗೆ ಅಥವಾ ಅಂಗಡಿಗೆ ನಗದಾಗಿ ಕೊಡಬಹುದಾದ್ದು 10,000 ರೂಪಾಯಿ ಮಾತ್ರ, ಉಳಿದದ್ದು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ. ಲೆಕ್ಕದ ಪುಸ್ತಕದಲ್ಲಿ ಬಿಳಿ ಹಾಳೆ ದಿನದ ಖರ್ಚಿಗೆ, ಗುಲಾಬಿ ಹಾಳೆ ನಗದಿಗೆ, ಹಳದಿ ಹಾಳೆ ಬ್ಯಾಂಕಿಗೆ. ಪ್ರಚಾರಾವಧಿಯಲ್ಲಿ ಮೂರು ಬಾರಿ ತಪಾಸಣೆಗೆ ತೋರಿಸಬೇಕು. ಸಹೋದ್ಯೋಗಿಯೊಬ್ಬರು ಕಾರು ಪುಕ್ಕಟೆ ಕೊಟ್ಟರೂ ಅದರ ಬಾಡಿಗೆಯನ್ನು ಜಿಲ್ಲಾ ದರಪಟ್ಟಿಯಂತೆ ಸೇರಿಸಲಾಗುತ್ತದೆ; ಕುರ್ಚಿ, ಶಾಮಿಯಾನ, ಟೀಗೂ ಅದೇ ದರಪಟ್ಟಿ. ವೀಕ್ಷಕರು ನಿಮ್ಮ ಸಭೆಯ ವಿಡಿಯೊ ನೋಡಿ ತಮ್ಮದೇ ಲೆಕ್ಕ ಬರೆದಿರುತ್ತಾರೆ, ಎರಡೂ ಹೊಂದಬೇಕು. ಕರಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇಲ್ಲದಿದ್ದರೆ 127ಎ ಕಲಮಿನಡಿ ಅಪರಾಧ.

ಪತ್ನಿಯವರ ವಿಷಯದಲ್ಲಿ ತುಂಬ ಎಚ್ಚರ ಬೇಕು. ಅವರು ಸರ್ಕಾರಿ ನೌಕರರು. ಪ್ರಚಾರಕ್ಕೆ ಬರುವಂತಿಲ್ಲ, ವೇದಿಕೆ ಹತ್ತುವಂತಿಲ್ಲ, ಮನೆಮನೆಗೆ ಕರಪತ್ರ ಹಂಚುವಂತಿಲ್ಲ. ಚುನಾವಣಾ ಏಜೆಂಟ್, ಮತಗಟ್ಟೆ ಏಜೆಂಟ್ ಅಥವಾ ಎಣಿಕೆ ಏಜೆಂಟ್ ಆದರೆ 134ಎ ಕಲಮಿನಂತೆ ಮೂರು ತಿಂಗಳವರೆಗೆ ಶಿಕ್ಷೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಿಮ್ಮ ಪರವಾಗಿ ಹಾಕಿದ ಒಂದು ಸಂದೇಶವೂ ಇಲಾಖಾ ವಿಚಾರಣೆಗೆ ಸಾಕು. ಸೇವೆಯಲ್ಲಿರುವ ಸಹೋದ್ಯೋಗಿಗಳಿಗೂ ಇದೇ ನಿರ್ಬಂಧ, ಅವರನ್ನು ಸಂಕಟಕ್ಕೆ ತಳ್ಳಬೇಡಿ. ಅವರಲ್ಲಿ ಅನೇಕರಿಗೆ ಚುನಾವಣಾ ಕೆಲಸ ಬಿದ್ದಿರುತ್ತದೆ. ಅಂಥವರ ನೆರವು ಪಡೆದಿರೆಂದಾದರೆ 123(7)ರಡಿ ಭ್ರಷ್ಟ ಆಚರಣೆಯೆಂದು ಆಯ್ಕೆ ರದ್ದಾಗಬಹುದು. ವಿದ್ಯಾರ್ಥಿಗಳು ತಾವಾಗಿ ಬಂದರೆ ಬರಲಿ, ಆದರೆ 18 ತುಂಬದವರನ್ನು ಬೇಡವೆನ್ನಿ. ತರಗತಿ, ಕಾಲೇಜಿನ ಪ್ರಿಂಟರ್, ವಿಭಾಗದ ಮಿಂಚಂಚೆ ಪಟ್ಟಿ ಯಾವುದೂ ನಿಮ್ಮದಲ್ಲ.

ಮಾತಿನ ವಿಷಯ. ಜಿಡಿಪಿ, ವಿತ್ತೀಯ ಕೊರತೆ ಎಂದು ನಾಗಮಂಗಲದ ಸಂತೆಯಲ್ಲಿ ಮಾತಾಡಿದರೆ ಜನ ಮರ್ಯಾದೆಗೆ ಕೇಳಿ ಎದ್ದು ಹೋಗುತ್ತಾರೆ. ನಿಮ್ಮ ಓದು ಕೆಲಸಕ್ಕೆ ಬರುವುದು ಕಬ್ಬಿನ ಬಿಲ್ಲಿನಂಥ ಕಡೆ. 2025-26ರ ಹಂಗಾಮಿಗೆ ಕಾರ್ಖಾನೆಗಳು ಕೊಡಲೇಬೇಕೆಂದು ಕೇಂದ್ರ ನಿಗದಿ ಮಾಡಿದ ಕನಿಷ್ಠ ಕಬ್ಬಿನ ದರ (ಎಫ್‌ಆರ್‌ಪಿ) ಕ್ವಿಂಟಲ್‌ಗೆ 355 ರೂಪಾಯಿ. ಅದು ಸಕ್ಕರೆ ಇಳುವರಿ ಶೇ 10.25 ಇದ್ದರೆ, ಶೇ 9.5ಕ್ಕಿಂತ ಕೆಳಗಿದ್ದರೆ 329.05. ಟನ್ನಿಗೆ ಸುಮಾರು 260 ರೂಪಾಯಿ ವ್ಯತ್ಯಾಸ, ಮೇಲೆ ಕಟಾವು ಮತ್ತು ಸಾಗಣೆಯ ಕಡಿತ. ಇಳುವರಿಯನ್ನು ಯಾರು ಅಳೆಯುತ್ತಾರೆ, ರೈತನ ಎದುರು ಏಕೆ ಅಳೆಯುವುದಿಲ್ಲ, ಈ ದರ ತೀರ್ಮಾನ ಸಂಸದರ ಕೈಗೆಟಕುವ ವಿಷಯ ಹೇಗೆ ಎಂದು ಒಬ್ಬ ರೈತನ ಕೈಯಲ್ಲಿರುವ ಕಾರ್ಖಾನೆ ಚೀಟಿ ಹಿಡಿದೇ ವಿವರಿಸಿದರೆ ಇಡೀ ಊರು ಕೇಳುತ್ತದೆ. ಚರಂಡಿ, ವೃದ್ಧಾಪ್ಯ ವೇತನದ ಅಹವಾಲುಗಳೂ ಬರುತ್ತವೆ. ‘ಅದು ನನ್ನ ವ್ಯಾಪ್ತಿಯಲ್ಲ’ ಎಂದು ಕೈತೊಳೆಯಬೇಡಿ. ಯಾವ ಕಚೇರಿಗೆ, ಯಾವ ಕಾಗದ ಕೊಡಬೇಕೆಂದು ಬರೆದುಕೊಡಿ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ, ಅದು ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿಕೆಯಾಗಬೇಕು. ಇದನ್ನು ಮುಂಚೆಯೇ ಹೇಳಿಬಿಟ್ಟರೆ ಊರಿಗೊಂದು ಸಮುದಾಯ ಭವನದ ಭರವಸೆ ಕೊಡುವ ಪ್ರಸಂಗ ಬರುವುದಿಲ್ಲ.

ಫಲಿತಾಂಶ ಬಂದ 30 ದಿನಗಳೊಳಗೆ ಖರ್ಚಿನ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಸಲ್ಲಿಸಬೇಕು. ಸೋತವರು ಬೇಸರದಲ್ಲಿ ಇದನ್ನು ಬಿಟ್ಟುಬಿಡುತ್ತಾರೆ. ಸಕಾರಣವಿಲ್ಲದೆ ಬಿಟ್ಟರೆ 10ಎ ಕಲಮಿನಡಿ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು, ಆ ಅವಧಿಯಲ್ಲಿ ವಿಧಾನಸಭೆಗೂ ನಿಲ್ಲುವಂತಿಲ್ಲ. ಸ್ವಯಂ ನಿವೃತ್ತಿ ಪಡೆದ ಮೇಲೆ ಸರ್ಕಾರಿ ಹುದ್ದೆಗೆ ಮರಳುವ ಬಾಗಿಲು ಮುಚ್ಚಿರುತ್ತದೆ. ಖಾಸಗಿ ಕಾಲೇಜಿನಲ್ಲಿ ಪಾಠ ಮಾಡಲು, ಸಂಶೋಧನೆ ಮುಂದುವರಿಸಲು ಅಡ್ಡಿಯಿಲ್ಲ. ನೋಟಿಸ್ ಕೊಡುವ ಮೊದಲು ಪಿಂಚಣಿ, ಉಪದಾನ (ಗ್ರಾಚ್ಯುಟಿ), ರಜೆ ನಗದೀಕರಣದ ಅಂದಾಜನ್ನು ಕಾಲೇಜಿನ ಲೆಕ್ಕ ಶಾಖೆಯಿಂದ ಬರೆಸಿಕೊಂಡು, ಮನೆಯವರೊಂದಿಗೆ ಕುಳಿತು ನೋಡಿ.